ಬುದ್ಧಿ ಹೇಳೋಕೂ ಡಿಗ್ರಿ ಬೇಕಾ?

ಶನಿವಾರ ರಾತ್ರಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು ಇದು. ನನ್ನ ಫೋನಿನಲ್ಲಿ ಯಾರ ಹೆಸರು ಹೇಗಿದೆಯೋ ಹಾಗೇ ಹಾಕಿದ್ದೇನೆ. ಪುಟ್ಟಿ ನನ್ನ ಎರಡನೇ ಅಣ್ಣನ ಮಗಳು, ಈಗಷ್ಟೇ ಪಿಯುಸಿ ಮುಗಿಸಿದ್ದಾಳೆ. ಅವಳನ್ನೂ ಮನೆಯವರನ್ನೂ ಕೇಳಿಯೇ ಹಾಕುತ್ತಿದ್ದೇನೆ. ಅವಳ ಗೆಳತಿಯ ಗುರುತು ಸಿಗುವಂಥ ವಿವರಗಳನ್ನೆಲ್ಲ ತೆಗೆದಿದ್ದೇನೆ.

ಪುಟ್ಟಿ, 8:41: (ಫೋಟೊ. ಒಂದು ಕಾಲೇಜಿನ ಪೋಸ್ಟರ್: "ಕೌನ್ಸೆಲಿಂಗ್ ಸೈಕಾಲಜಿ ಪದವಿ. ಮೂರೇ ವರ್ಷ. ಓದು ಮುಗಿದ ದಿನವೇ ನಿಮ್ಮ ಸ್ವಂತ ಕ್ಲಿನಿಕ್!")

ಪುಟ್ಟಿ: ಎಲ್ಲರೂ ಒಂದ್ಸಲ ನೋಡಿ. ನಾನು ಇದಕ್ಕೆ ಸೇರ್ಬೇಕು ಅಂತಿದೀನಿ. ಅಪ್ಪಂಗೆ ನೇರವಾಗಿ ಹೇಳೋಕೆ ಆಗ್ಲಿಲ್ಲ, ಅದಕ್ಕೆ ಇಲ್ಲಿ ಹಾಕಿದೀನಿ.

ಕುವೆಂಪುನಗರದ ಅಣ್ಣ: ಪಕ್ಕದ ರೂಮಲ್ಲಿ ಕೂತ್ಕೊಂಡು ಗುಂಪಲ್ಲಿ ಹಾಕ್ತೀಯಲ್ಲಮ್ಮ. ಸಿಇಟಿ ಬರ್ದಿದೀಯ. ಅಗ್ರಿನೋ ನರ್ಸಿಂಗೋ ಸಿಕ್ಕಿದ್ದು ತಗೊಳ್ಳೋದು ಅಂತ ಮಾತಾಗಿತ್ತು.

ಮಂಡ್ಯದ ಅಣ್ಣ: ಅಗ್ರಿ ಸಿಕ್ಕುದ್ರೆ ನಮ್ ವಿ.ಸಿ. ಫಾರಂ ಕೃಷಿ ಕಾಲೇಜಲ್ಲೇ ಓದ್ಬೋದು. ನಮ್ಮನೇಲೇ ಇರ್ಲಿ, ಹಾಸ್ಟೆಲ್ ಯಾಕೆ.

ಅತ್ತಿಗೆ: ಕೌನ್ಸೆಲಿಂಗ್ ಅಂದ್ರೆ ಸಿಇಟಿ ಸೀಟು ಹಂಚ್ತಾರಲ್ಲ, ಅದಲ್ವಾ? ಅದನ್ನೇನು ಮೂರು ವರ್ಷ ಓದೋದು?

ಪುಟ್ಟಿ: ಅದಲ್ಲಮ್ಮ. ಆಪ್ತ ಸಮಾಲೋಚನೆ. ಮನಸ್ಸಿಗೆ ಕಷ್ಟ ಆದವರ ಜೊತೆ ಕೂತು ಮಾತಾಡೋದು.

ಮಂಡ್ಯದ ಅಣ್ಣ: ಅಂದ್ರೆ ಬುದ್ಧಿ ಹೇಳೋದು ತಾನೆ? ಬುದ್ಧಿ ಹೇಳೋಕೂ ಡಿಗ್ರಿ ಬೇಕೇನವ್ವ? ಸಂಜೆ ನಮ್ಮೂರ ಅರಳಿಕಟ್ಟೆಗೆ ಬಾ, ಎಂಟು ಜನ ಕೂತವ್ರೆ, ಬಿಟ್ಟಿಯಾಗಿ ಹೇಳ್ತಾರೆ. ಇದೆಲ್ಲ ನಿನ್ನೆ ಮೊನ್ನೆ ಬಂದ ಕೋರ್ಸು. ಕಾಸು ಮಾಡೋಕೆ.

ತಮ್ಮ: ಪ್ಲೇಸ್‌ಮೆಂಟ್ ಏನಿದೆ ಪುಟ್ಟಿ? ಈಗ ನಮ್ಮ ಆಫೀಸಿನ ಹುಡುಗ್ರೆಲ್ಲ ಬೇಜಾರಾದ್ರೆ ಎಐ ಜೊತೆ ಮಾತಾಡ್ತಾರೆ. ಇನ್ನು ಐದು ವರ್ಷಕ್ಕೆ ಈ ಕೆಲಸ ಇರುತ್ತಾ ಅಂತ ಯೋಚನೆ ಮಾಡು.

ಚಿಕ್ಕಮ್ಮ: (ವಾಯ್ಸ್ ಮೆಸೇಜ್. "ಹುಚ್ಚರ ಸಾವಾಸ ನಮ್ ಮಗೀಗ್ ಯಾಕಪ್ಪಾ, ನಾಳೆ ಗಂಡು ನೋಡೋಕೆ ಬಂದೋರು ಏನಂದಾರು" ಅಂತ.)

ನಮ್ಮನೆಯವರು: ಚಿಕ್ಕಮ್ಮ, ಹಾಗನ್ಬೇಡಿ. ಭಾವ, ನಿನ್ನೆ ಮೊನ್ನೆ ಬಂದಿದ್ದು ಅಂದ್ರಲ್ಲ, ಅದಕ್ಕೊಂದು ಮಾತು. ಆಕಾಶವಾಣಿ ಅನ್ನೋ ಹೆಸರು ನಮ್ಮ ಮೈಸೂರಿನ ರೇಡಿಯೊದಿಂದ ಬಂದಿದ್ದು ಅಂತ ನೀವೇ ಎಲ್ಲರಿಗೂ ಹೇಳ್ತೀರ. 1935ರಲ್ಲಿ ತಮ್ಮ ಮನೇಲೇ ಅದನ್ನ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಏನು ಕೆಲಸದಲ್ಲಿದ್ರು ಗೊತ್ತಾ? ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರೊಫೆಸರು. ಈ ಊರಲ್ಲಿ ಸೈಕಾಲಜಿ ಪಾಠ ಆಗಲೇ ನಡೀತಿತ್ತು.

ಮಂಡ್ಯದ ಅಣ್ಣ: ಅದು ದೊಡ್ಡ ಓದು ಭಾವ. ಈ ಪೋಸ್ಟರ್ ನೋಡಿ, ಮೂರು ವರ್ಷಕ್ಕೆ ಕ್ಲಿನಿಕ್ ಅಂತೆ.

ಸರಸ್ವತಿಪುರಂ (ನಾನು), 9:10: ಊಟ ಮಾಡ್ತಿದ್ದೆ, ಈಗ ನೋಡ್ದೆ. ಸ್ವಲ್ಪ ಉದ್ದ ಬರೀತೀನಿ, ಯಾರೂ ಬೇಜಾರು ಮಾಡ್ಕೋಬೇಡಿ. ಈ ಕೌನ್ಸೆಲಿಂಗೇ ನನ್ನ ಹೊಟ್ಟೆಪಾಡಿನ ಕೆಲಸ, ನನ್ನ ಜೀವದ ಕೆಲಸವೂ ಹೌದು.

ಮೊದಲು ಪೋಸ್ಟರ್. ಆ ಕೊನೇ ಸಾಲು ಸುಳ್ಳು. ಪುಟ್ಟಿ, ಅದನ್ನ ನಂಬ್ಕೊಂಡು ಸೇರೋದಾದ್ರೆ ಸೇರಬೇಡ. ಮೂರು ವರ್ಷದ ಪದವಿ ಮುಗಿಸಿದವಳು ಯಾರ ಮನಸ್ಸನ್ನೂ ಒಬ್ಬಳೇ ಕೈಗೆ ತಗೊಳ್ಳೋ ಹಾಗಿಲ್ಲ. ಔಷಧಿ ಬರೆಯೋರು ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಆದ ಮೇಲೆ ಅದನ್ನೇ ಓದಿದ ಡಾಕ್ಟರು. ಔಷಧಿ ಇಲ್ಲದೆ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಮಾಡೋ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನೋದು ಬೇರೆ ದಾರಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಅದಕ್ಕೆ ಬರೆದಿಟ್ಟ ಅರ್ಹತೆ ಇದೆ: ಕೇಂದ್ರದ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಓದು, ಅನುಭವಸ್ಥರ ಕಣ್ಣೆದುರಿಗೆ ಪಡೆದ ತರಬೇತಿ. ಕೌನ್ಸೆಲರ್ ಅನ್ನೋ ಹೆಸರಿಗೆ ಆ ಕಾಯ್ದೆಯಲ್ಲಿ ಅಂಥ ಬಿಗಿ ಇಲ್ಲ. ಯಾರು ಬೇಕಾದ್ರೂ ಬೋರ್ಡು ಹಾಕ್ಕೋತಾರೆ. ನನಗೆ ಭಯ ಇರೋದು ಅದಕ್ಕೇ.

ಕುವೆಂಪುನಗರದ ಅಣ್ಣ: ನೋಡು ಪುಟ್ಟಿ, ನಿಮ್ಮತ್ತೇನೇ ಬೇಡ ಅಂತಿದಾಳೆ.

ಸರಸ್ವತಿಪುರಂ (ನಾನು): ಅಣ್ಣಾ, ನಾನು ಬೇಡ ಅಂದಿಲ್ಲ. ಪೋಸ್ಟರ್ ಸುಳ್ಳು ಅಂದೆ. ಓದು ಸುಳ್ಳಲ್ಲ.

ನಿಮಗ್ಯಾರಿಗೂ ಹೇಳದ ಒಂದು ವಿಷಯ ಹೇಳ್ತೀನಿ. ಎಂ.ಎ. ಮಾಡೋಕೆ ಮುಂಚೆ ನಾನು ಆರು ಭಾನುವಾರದ ಒಂದು ಸರ್ಟಿಫಿಕೇಟ್ ಕೋರ್ಸ್ ಮಾಡಿದ್ದೆ. ಅದನ್ನ ಫ್ರೇಮ್ ಹಾಕಿಸಿ ಒಂದು ಕಡೆ ಸ್ವಯಂಸೇವಕಿಯಾಗಿ ಕೂತೆ. ಒಬ್ಬ ಹೆಂಗಸು ಬಂದ್ರು. ಗಂಡ ಕುಡಿದು ಹೊಡೀತಾನೆ ಅಂದ್ರು. ಹತ್ತು ನಿಮಿಷ ಕೇಳಿಸ್ಕೊಂಡು "ಸ್ವಲ್ಪ ದಿನ ತವರಿಗೆ ಹೋಗಿಬಿಡಿ" ಅಂದೆ. ಅವರು ಸೆರಗು ಸರಿ ಮಾಡ್ಕೊಂಡು "ಆಯ್ತಮ್ಮ" ಅಂತ ಎದ್ದು ಹೋದ್ರು. ಅವರಿಗೆ ತವರೇ ಇರ್ಲಿಲ್ಲ, ಅಪ್ಪ ಅಮ್ಮ ತೀರ್ಕೊಂಡು ಎಷ್ಟೋ ವರ್ಷ ಆಗಿತ್ತು ಅಂತ ಆಮೇಲೆ ಅಲ್ಲಿನ ಆಯಾ ಹೇಳಿದ್ರು. ನಾನು ಅದನ್ನ ಕೇಳಿಯೇ ಇರ್ಲಿಲ್ಲ. ಬುದ್ಧಿ ಹೇಳೋ ಅವಸರದಲ್ಲಿದ್ದೆ. ಆಕೆ ಮತ್ತೆ ಬರ್ಲಿಲ್ಲ. ಇವತ್ತಿಗೂ ಆ ಸೆರಗಿನ ಬಣ್ಣ ನೆನಪಿದೆ ನಂಗೆ.

ಅತ್ತಿಗೆ: ಅಯ್ಯೋ.

ಸರಸ್ವತಿಪುರಂ (ನಾನು): ಅದಾದ ಮೇಲೇ ನಾನು ಸರಿಯಾಗಿ ಓದಿದ್ದು. ದೊಡ್ಡಣ್ಣಾ, ನೀನು ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟೇ. ಬುದ್ಧಿ ಹೇಳೋಕೆ ಡಿಗ್ರಿ ಬೇಡ. ಬುದ್ಧಿ ಹೇಳದೆ ಕೂರೋಕೆ ಬೇಕು. ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅನ್ನೋರು 1940ರ ದಶಕದಲ್ಲೇ ಈ ಮಾತು ಶುರು ಮಾಡಿದ್ರು. ಬಂದವರನ್ನ ರೋಗಿ ಅನ್ನಬೇಡಿ, ಉಪದೇಶ ಬಿಡಿ, ಅವರ ಮಾತನ್ನ ಅವರ ಜಾಗದಲ್ಲಿ ನಿಂತು ಕೇಳಿ ಅಂತ.

ಹೇಳೋಕೆ ಸುಲಭ. ತರಗತಿಯಲ್ಲಿ ಮೂವರನ್ನ ಕೂರಿಸ್ತಾರೆ. ಒಬ್ಬರು ಮಾತಾಡ್ಬೇಕು, ಒಬ್ಬರು ಕೇಳ್ಬೇಕು, ಮೂರನೆಯವರು ನೋಡ್ತಾ ಬರ್ಕೋಬೇಕು. ಕೇಳೋಳು ಸಲಹೆ ಕೊಡೋ ಹಾಗಿಲ್ಲ. "ನಮ್ಮನೇಲೂ ಹಿಂಗೇ ಆಗಿತ್ತು" ಅನ್ನೋ ಹಾಗಿಲ್ಲ. ಎದುರಿನವರು ಸುಮ್ಮನಾದ್ರೆ ಆ ಮೌನ ತುಂಬಿಸೋ ಹಾಗಿಲ್ಲ. ನಾನು ಮೊದಲನೇ ಸಲ ಎರಡೇ ನಿಮಿಷಕ್ಕೆ ಸೋತೆ. ಆಮೇಲೆ ನಡೆದ ಮಾತನ್ನ ಅಕ್ಷರಶಃ ಬರೀಬೇಕು, ಮೇಡಂ ಕೆಂಪು ಇಂಕಿನಲ್ಲಿ "ಇಲ್ಲಿ ಯಾಕೆ ಬಾಯಿ ಹಾಕಿದೆ?" ಅಂತ ಬರೀತಿದ್ರು. ಆ ಕೆಂಪು ಇಂಕೇ ನನಗೆ ಕಲಿಸಿದ್ದು.

ಪದವಿಯಲ್ಲಿ ಇದು ಒಂದು ಭಾಗ ಅಷ್ಟೆ. ಮಗು ಬೆಳೆಯೋದು ಹೇಗೆ, ನೆನಪು ಹೇಗೆ ಕೆಲಸ ಮಾಡುತ್ತೆ, ದುಃಖ ಎಲ್ಲಿಯವರೆಗೆ ದುಃಖ, ಎಲ್ಲಿಂದ ಖಿನ್ನತೆ, ಎಲ್ಲ ಇರುತ್ತೆ. ಲ್ಯಾಬ್ ಇರುತ್ತೆ. ಸ್ಟಾಟಿಸ್ಟಿಕ್ಸ್ ಇರುತ್ತೆ ಪುಟ್ಟಿ, ಮ್ಯಾಥ್ಸ್ ತಪ್ಪಿಸ್ಕೊಂಡೆ ಅಂದ್ಕೋಬೇಡ.

ತಮ್ಮ: ಅಕ್ಕ, ಅದೆಲ್ಲ ಸರಿ. ಸಂಬಳ?

ಸರಸ್ವತಿಪುರಂ (ನಾನು): ನಿಜ ಹೇಳ್ತೀನಿ. ಶುರುವಿನಲ್ಲಿ ಕಮ್ಮಿ. ಕಷ್ಟದಲ್ಲಿರೋ ಹೆಂಗಸರಿಗಿರೋ ಸಾಂತ್ವನ ಕೇಂದ್ರ, ಸಖಿ ಕೇಂದ್ರ, ಜಿಲ್ಲಾಸ್ಪತ್ರೆಯ ಎಚ್‌ಐವಿ ಪರೀಕ್ಷಾ ಕೇಂದ್ರ, ಶಾಲೆ ಕಾಲೇಜು, ಎನ್‌ಜಿಒ. ಕೆಲಸ ಇದೆ, ಬಹಳಷ್ಟು ಗುತ್ತಿಗೆ ಮೇಲೆ. ಎಂ.ಎಸ್.ಡಬ್ಲ್ಯೂ., ಅಂದ್ರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಮಾಡಿದವರೂ ಅದೇ ಹುದ್ದೆಗೆ ಬರ್ತಾರೆ. ಬರೀ ಪದವಿಗೆ ನಿಲ್ಲಿಸೋ ಹಾಗಿಲ್ಲ. ಮೂರು ವರ್ಷದ ಮೇಲೆ ಎರಡು ವರ್ಷ ಎಂ.ಎ. ಅಥವಾ ಎಂ.ಎಸ್ಸಿ., ಆಮೇಲೂ ಹಿರಿಯರ ಕೈಕೆಳಗೆ ಕೆಲಸ. ನಾಲ್ಕು ವರ್ಷದ ಆನರ್ಸ್ ಬಗ್ಗೆ ಯಾರಾದ್ರೂ ಹೇಳಿದ್ರೆ, ನಮ್ಮ ರಾಜ್ಯ ಸರ್ಕಾರ 2024ರಲ್ಲಿ ಮತ್ತೆ ಮೂರು ವರ್ಷಕ್ಕೇ ಬಂದಿದೆ. ಮನೇಲೇ ಕೂತು ದೂರಶಿಕ್ಷಣದಲ್ಲಿ ಸೈಕಾಲಜಿ ಮಾಡ್ತೀನಿ ಅನ್ನೋ ದಾರಿಯನ್ನ ಯುಜಿಸಿ, ಅಂದ್ರೆ ವಿಶ್ವವಿದ್ಯಾಲಯಗಳ ಅನುದಾನ ಆಯೋಗ, 2025ರಲ್ಲಿ ಮುಚ್ಚಿತು. ನನ್ನ ಕೇಳಿದ್ರೆ ಒಳ್ಳೇದಾಯ್ತು. ಈಜನ್ನ ಅಂಚೆಯಲ್ಲಿ ಕಲಿಯೋಕಾಗಲ್ಲ.

ತಮ್ಮ: ಐದು ವರ್ಷ ಓದಿ ಗುತ್ತಿಗೆ ಕೆಲಸ. ನಾನು ಹೇಳಿದ್ದೇ ಆಯ್ತಲ್ಲ.

ಮಂಡ್ಯದ ಅಣ್ಣ, 9:48: ತಂಗಿ, ನಿನ್ನ ಮಾತು ಓದ್ದೆ. ಆ ಹೆಂಗಸಿನ ವಿಷ್ಯ ಓದಿ ಸಂಕಟ ಆಯ್ತು. ಆದ್ರೂ ಒಂದು ಹೇಳ್ತೀನಿ. 2015ರಲ್ಲಿ ನಮ್ ಜಿಲ್ಲೇಲಿ ಕಬ್ಬಿನ ರೈತ್ರು ಒಬ್ಬರ ಹಿಂದೆ ಒಬ್ಬರು ಜೀವ ಕಳ್ಕೊಂಡು ಹೋಗ್ಬುಟ್ರಲ್ಲ, ಅದನ್ನ ನಾನು ಕಣ್ಣಾರೆ ಕಂಡಿವ್ನಿ. ಕಬ್ಬಿನ ದುಡ್ಡು ಬಂದಿರ್ನಿಲ್ಲ. ಕೈಸಾಲದ ಬಡ್ಡಿ ಬೆಳೀತಿತ್ತು. ಆಗ ಯಾರೋ ನಾಲ್ಕು ಜನ ಜೀಪಲ್ಲಿ ಬಂದು ನಮ್ಮುನ್ನೆಲ್ಲ ಮರದಡಿ ಕೂರ್ಸಿ "ಧೈರ್ಯವಾಗಿರಿ, ಜೀವನ ದೊಡ್ಡದು" ಅಂತ ಭಾಷಣ ಮಾಡಿ, ಫೋಟೊ ತೆಗುಸ್ಕೊಂಡು ಹೋದ್ರು. ಕೌನ್ಸೆಲಿಂಗ್ ಅಂದ್ರು. ನಮಗೆ ಬೇಕಾಗಿದ್ದು ದುಡ್ಡು. ಮಾತಲ್ಲ.

(ಐದಾರು ನಿಮಿಷ ಯಾರೂ ಏನೂ ಬರೀಲಿಲ್ಲ. ಕುವೆಂಪುನಗರದ ಅಣ್ಣ ಒಂದು ಸಂದೇಶ ಹಾಕಿ ಅಳಿಸಿದ.)

ಸರಸ್ವತಿಪುರಂ (ನಾನು): ಅಣ್ಣಾ, ನೀನು ಹೇಳಿದ್ದು ಪೂರ್ತಿ ಸರಿ. ಅವರು ಮಾಡಿದ್ದು ಭಾಷಣ. ಸಾಲದಲ್ಲಿ ಮುಳುಗಿದವನಿಗೆ ಮನಸ್ಸಿನ ಕಾಯಿಲೆ ಅಂತ ಹೆಸರಿಡೋದು ಅನ್ಯಾಯ. ಕಬ್ಬಿನ ಬಾಕಿಯನ್ನ ಯಾವ ಕೌನ್ಸೆಲರೂ ತೀರ್ಸಲ್ಲ, ತೀರ್ಸಬೇಕಾದವರು ಬೇರೆ.

ಆದ್ರೆ ಇದನ್ನೂ ಯೋಚನೆ ಮಾಡು. ಅಷ್ಟೇ ಸಾಲ ಇದ್ದ ಇಬ್ಬರಲ್ಲಿ ಒಬ್ಬ ನಿದ್ದೆ ಬಿಡ್ತಾನೆ, ಊಟ ಬಿಡ್ತಾನೆ, ಒಂದು ದಿನ ಪಹಣಿ ಪಾಸ್‌ಬುಕ್ಕೆಲ್ಲ ಹೆಂಡತಿ ಕೈಗೆ ಕೊಟ್ಟು "ಜೋಪಾನ" ಅಂತಾನೆ. ಅವತ್ತು ಅದನ್ನ ಗಮನಿಸೋರು ಬೇಕು. "ಸಾಯೋ ಯೋಚನೆ ಬರ್ತಿದೆಯಾ?" ಅಂತ ನೇರವಾಗಿ ಕೇಳೋ ಧೈರ್ಯ ಬೇಕು. ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಅಂತ ಎಲ್ಲರೂ ಹೆದರ್ತಾರೆ, ಹಾಗಲ್ಲ. ಆಮೇಲೆ ಅವನನ್ನ ಒಂಟಿ ಬಿಡದೆ, ಮನಸ್ಸಿನ ಕಾಯಿಲೆ ನೋಡೋ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇರುತ್ತಲ್ಲ ತಾಲ್ಲೂಕು ಆಸ್ಪತ್ರೆಯಲ್ಲಿ, ಅಲ್ಲಿಗೆ ಕರ್ಕೊಂಡು ಹೋಗ್ಬೇಕು. ಮಂಗಳವಾರಕ್ಕೆ ಕಾಯೋ ಹಾಗಿಲ್ಲದಿದ್ರೆ ಆಗಲೇ ಜಿಲ್ಲಾಸ್ಪತ್ರೆಗೆ. ಜೊತೆಗೆ ಸಾಲದ ಕಾಗದ ಹಿಡ್ಕೊಂಡು ಯಾವ ಕಚೇರಿಗೆ ಹೋಗ್ಬೇಕು ಅಂತಾನೂ ತಿಳಿದಿರ್ಬೇಕು. ಇಷ್ಟನ್ನೂ ಮಾಡೋಳು ಕೌನ್ಸೆಲರ್. ಜೀಪಲ್ಲಿ ಬಂದು ಹೋಗೋರು ಅಲ್ಲ.

ತಮ್ಮಾ, ನಿನ್ನ ಎಐಗೂ ಇದೇ ಉತ್ತರ. ಪಾಸ್‌ಬುಕ್ ಕೊಟ್ಟ ಕೈ ನಡುಗಿದ್ದು ಅದಕ್ಕೆ ಕಾಣಲ್ಲ.

ಮಂಡ್ಯದ ಅಣ್ಣ: ಹೂಂ.

ಕುವೆಂಪುನಗರದ ಅಣ್ಣ: ಪುಟ್ಟಿ, ನೀನು ಸುಮ್ಮನಿದೀಯಲ್ಲ. ಇಷ್ಟೆಲ್ಲ ಕೋರ್ಸ್ ಇರುವಾಗ ಇದೇ ಯಾಕೆ?

ಪುಟ್ಟಿ, 10:14: ಹೇಳ್ತೀನಿ ಅಪ್ಪ. ಬಯ್ಯಬೇಡಿ.

ಪುಟ್ಟಿ: ಕ್ಲಾಸಲ್ಲಿ ನನ್ನ ಜೊತೆ ಒಬ್ಬಳು ಹಾಸ್ಟೆಲ್ ಹುಡುಗಿ ಇದ್ಲು. ಒಂದು ಸಂಜೆ ಬಸ್‌ಸ್ಟಾಪಲ್ಲಿ "ನಂಗೆ ಬದುಕೋದೇ ಬೇಡ ಅನ್ಸುತ್ತೆ ಕಣೇ, ಯಾರಿಗೂ ಹೇಳ್ಬೇಡ, ನನ್ನಾಣೆ" ಅಂದ್ಲು. ನಾನು "ಹಂಗೆಲ್ಲ ಅನ್ಬೇಡ, ಎಲ್ಲ ಸರಿ ಹೋಗುತ್ತೆ" ಅಂದೆ. ಅವಳು ಅವತ್ತು ಮತ್ತೆ ಮಾತೇ ಆಡ್ಲಿಲ್ಲ. ನಾಲ್ಕು ದಿನ ನಂಗೆ ನಿದ್ದೆ ಬರ್ಲಿಲ್ಲ. ಐದನೇ ದಿನ ಲೆಕ್ಚರರ್ ಹತ್ರ ಹೇಳಿದೆ. ಅವರು ಮನೆಯವರನ್ನ ಕರೆಸಿ ಡಾಕ್ಟರಿಗೆ ತೋರಿಸಿದ್ರು. ಆಣೆ ಮುರಿದೆ ಅಂತ ಅವಳು ನನ್ನ ಜೊತೆ ಮಾತು ಬಿಟ್ಲು. ನಾನು ಮಾಡಿದ್ದು ಸರಿನಾ ತಪ್ಪಾ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬೇಕು ಅಂತಾನೇ ಓದ್ಬೇಕು ಅನ್ಸಿದ್ದು.

ಅತ್ತಿಗೆ: ಆ ನಾಲ್ಕು ದಿನ ಊಟ ಸೇರ್ತಿಲ್ಲ ಅಂದೆಯಲ್ಲ, ಅದಕ್ಕಾ ಪುಟ್ಟಿ? ನಾನು ಪರೀಕ್ಷೆ ಭಯ ಅಂದ್ಕೊಂಡಿದ್ದೆ.

ಸರಸ್ವತಿಪುರಂ (ನಾನು): ಪುಟ್ಟಿ, ನೀನು ಮಾಡಿದ್ದು ಸರಿ. ಸಂಶಯವೇ ಬೇಡ. ನಮ್ಮ ಕೆಲಸದಲ್ಲಿ ಗುಟ್ಟು ಕಾಯೋದು ದೊಡ್ಡ ಧರ್ಮ, ಆದ್ರೆ ಜೀವಕ್ಕೆ ಅಪಾಯ ಇದ್ದಾಗ ಆ ಗುಟ್ಟಿಗೆ ಮಿತಿ ಇದೆ. ಅದಕ್ಕೇ ನಾವು ಮೊದಲನೇ ದಿನವೇ ಬಂದವರಿಗೆ ಹೇಳ್ತೀವಿ: ನಿಮ್ಮ ಮಾತು ಇಲ್ಲೇ ಇರುತ್ತೆ, ಆದ್ರೆ ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಅನ್ನಿಸಿದ್ರೆ ನಾನು ಸುಮ್ಮನಿರಲ್ಲ ಅಂತ. ಹದಿನೇಳು ವರ್ಷದ ನಿಂಗೆ ಅದನ್ನ ಯಾರೂ ಕಲಿಸಿರ್ಲಿಲ್ಲ, ಆದ್ರೂ ಮಾಡಿದೀಯ. ಇನ್ಮುಂದೆ ಅಂಥ ಸಂದರ್ಭ ಬಂದ್ರೆ ನಾಲ್ಕು ದಿನ ಒಬ್ಬಳೇ ಹೊರಬೇಡ. 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಎಲ್ಲರೂ ನಂಬರ್ ಸೇವ್ ಮಾಡ್ಕೊಳ್ಳಿ.

ಮಂಡ್ಯದ ಅಣ್ಣ: ನಾನಿನ್ನೂ ಈ ಕೋರ್ಸಿಗೆ ಒಪ್ಪಿಲ್ಲ ಕಣವ್ವ. ಆದ್ರೆ ಆ ಹುಡುಗಿ ಈಗ ಎಂಗವ್ಳೆ?

ಪುಟ್ಟಿ: ಪರೀಕ್ಷೆ ಬರೆದ್ಲು ದೊಡ್ಡಪ್ಪ. ಪಾಸಾಗಿದಾಳೆ.

ಸರಸ್ವತಿಪುರಂ (ನಾನು): ಅಣ್ಣಾ, ಕಾಲೇಜಿಗೆ ಹೋದ್ರೆ ಇಷ್ಟು ಕೇಳು. ಮಾರ್ಕ್ಸ್‌ಕಾರ್ಡಲ್ಲಿ ಡಿಗ್ರಿ ಹೆಸರು ಏನಂತ ಬರುತ್ತೆ, ಅದರ ಮೇಲೆ ಸೈಕಾಲಜಿ ಎಂ.ಎಸ್ಸಿ.ಗೆ ತಗೋತಾರಾ. ಪಾಠ ಮಾಡೋರಲ್ಲಿ ಜನರ ಎದುರು ಕೂತು ಈ ಕೆಲಸ ಮಾಡಿದವರು ಯಾರಿದಾರೆ. ಪ್ರಾಕ್ಟಿಕಲ್‌ಗೆ ಎಷ್ಟು ಮಕ್ಕಳಿಗೆ ಒಬ್ಬರು ಮೇಡಂ. ಎಲ್ಲಕ್ಕಿಂತ ಮುಖ್ಯ, "ಸ್ವಂತ ಕ್ಲಿನಿಕ್" ಅನ್ನೋ ಆ ಸಾಲನ್ನ ಲೆಟರ್‌ಹೆಡ್‌ನಲ್ಲಿ ಬರ್ಕೊಡಿ ಅನ್ನು. ತಡವರಿಸಿದ್ರೆ ಬೇರೆ ಕಾಲೇಜು ನೋಡೋಣ. ಬಿ.ಎ.ನಲ್ಲಿ ಸೈಕಾಲಜಿ ತಗೊಂಡು, ಕೌನ್ಸೆಲಿಂಗನ್ನ ಎಂ.ಎ.ಗೆ ಇಟ್ಕೊಂಡ್ರೂ ನಷ್ಟ ಇಲ್ಲ. ಬುನಾದಿ ಗಟ್ಟಿಯಾಗುತ್ತೆ.

ಕುವೆಂಪುನಗರದ ಅಣ್ಣ, 10:37: ಸೋಮವಾರ ಹತ್ತು ಗಂಟೆಗೆ ಹೋಗೋಣ. ತಂಗಿ, ನೀನೂ ರಜ ಹಾಕಿ ಬಾ. ಸಿಇಟಿ ರಿಸಲ್ಟ್ ಬರೋವರೆಗೆ ದುಡ್ಡು ಕಟ್ಟಲ್ಲ, ಅದು ನನ್ನ ಮಾತು.

ಸರಸ್ವತಿಪುರಂ (ನಾನು): ಆಯ್ತಣ್ಣ. ಪುಟ್ಟಿ, ಸಿಲಬಸ್ ಪ್ರಿಂಟ್ ತಗೊಂಡು ಬಾ. ಪುಟ್ಟೀ?

ಪುಟ್ಟಿ: ಅಪ್ಪ ನನ್ನ ರೂಮಿಗೆ ಬಂದ್ರು ಅತ್ತೆ. ಆಮೇಲೆ ಮೆಸೇಜ್ ಮಾಡ್ತೀನಿ.