ಔಷಧಿ ಹೊಡೆಯೋ ದಿನವೇ ಹೊಳವಾದರೆ ದೇವರ ಕೃಪೆ ಅನ್ನಬಹುದಾ?

ಪ್ರಶ್ನೆ (ತೀರ್ಥಹಳ್ಳಿ): ಮಳೆ ಜಡಿಯುವಾಗ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯೋಕೆ ಕೊನೆಗಾರ (ಮರ ಹತ್ತುವವನು) ಬಂದ ದಿನವೇ ಹೊಳವಾದರೆ (ಮಳೆ ಬಿಡುವು ಕೊಟ್ಟರೆ) ನಮ್ಮ ಕಡೆ "ದೇವರೇ ನಡೆಸಿಕೊಟ್ಟ" ಅಂತಾರೆ. ಇದನ್ನು ನಂಬಬೇಕಾ, ಕಾಕತಾಳೀಯ ಅಂತ ಬಿಡಬೇಕಾ? ತಿಳಿದವರು ಹೇಳಿ.

ಸಾಗರದಿಂದ: ಧಾರಾಳ ನಂಬಿ ಮಾರಾಯ್ರೇ. ಆದರೆ ಗೀತೆಯ 18ನೇ ಅಧ್ಯಾಯದ 14ನೇ ಶ್ಲೋಕ ನೋಡಿ. ಯಾವ ಕೆಲಸಕ್ಕೂ ಐದು ಕಾರಣ: ಆಶ್ರಯ, ಮಾಡುವವನು, ಸಲಕರಣೆ, ಬಗೆಬಗೆಯ ಪ್ರಯತ್ನ, ಐದನೆಯದು ದೈವ. ಪ್ರಯತ್ನ ನಮ್ಮ ಪಾಲಿನದು. ಔಷಧಿಗೆ, ಅಂದರೆ ಬೋರ್ಡೋ ದ್ರಾವಣಕ್ಕೆ, 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಲ್ಲಿ, 1 ಕೆಜಿ ಸುಣ್ಣ ಇನ್ನೊಂದು 50 ಲೀಟರಲ್ಲಿ, ಪ್ಲಾಸ್ಟಿಕ್ ಡ್ರಮ್ಮಲ್ಲೇ ಬೇರೆ ಬೇರೆ ಕರಗಿಸಿ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತಾ ಕದಡಿ. ಉಜ್ಜಿ ಹೊಳಪಾದ ಕಬ್ಬಿಣದ ಕತ್ತಿ ಅದ್ದಿ ನೋಡಿ. ಅಲಗಿಗೆ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತೆ. ಇಷ್ಟು ತಯಾರಿಲ್ಲದವನಿಗೆ ಹೊಳವು ಬಂದರೂ ಕೈತಪ್ಪುತ್ತೆ.

ಕೊಪ್ಪದಿಂದ: ಒಂದು ಎಚ್ಚರ. ಹೊಳವನ್ನು ಕೃಪೆ ಅಂದವರು ಪಕ್ಕದ ತೋಟದ ಕೊಳೆಯನ್ನು ಶಾಪ ಅನ್ನಬಾರದು, ಅದು ದೊಡ್ಡ ಅನ್ಯಾಯ. ಕೊಳೆ ತರೋದು ಫೈಟಾಫ್ತೊರಾ ಅನ್ನೋ ಶಿಲೀಂಧ್ರದಂಥ ಸೂಕ್ಷ್ಮಜೀವಿ. ಎಡೆಬಿಡದ ಮಳೆ, ತಂಪು, ಗಾಳಿಯಾಡದ ತೋಟ ಇದ್ದರೆ ಭಕ್ತನ ಅಡಿಕೆಗೂ ಬರುತ್ತೆ. ಇನ್ನು, ಕೂಡಿ ಬಂದದ್ದನ್ನು ಬರೆದಿಡುವವರು ಕೂಡದ್ದನ್ನೂ ಬರೆಯಿರಿ. ನೆನಪು ಕೂಡಿದ್ದನ್ನಷ್ಟೇ ಇಟ್ಟುಕೊಳ್ಳುತ್ತೆ. ಕೈಮುಗಿಯೋಕೆ ಲೆಕ್ಕ ಬೇಡ ನಿಜ, ಆದರೆ ಇದೇ ಸೂಚನೆ ಅಂತ ಸಾಲ ಮಾಡೋಕೆ, ಗದ್ದೆ ಮಾರೋಕೆ ಹೊರಟರೆ ಬೇಕೇ ಬೇಕು.

ಪ್ರಶ್ನೆ ಕೇಳಿದವರು: ಇಬ್ಬರಿಗೂ ನಮಸ್ಕಾರ. ಸಾಗರದವರೇ, ಎರಡನೇ ಸಲ ಯಾವಾಗ?

ಸಾಗರದಿಂದ: 40–45 ದಿನಕ್ಕೆ. ಕಲಸಿದ್ದನ್ನು ಅಂದೇ ಖಾಲಿ ಮಾಡಿ. ಮರುದಿನಕ್ಕೆ ಇಟ್ಟರೆ ಗಸಿ ಕೂತು ಗೊನೆಗೆ ಸರಿಯಾಗಿ ಅಂಟೋಲ್ಲ.