ಪಾರ್ಸೆಲ್ ಕಳೆದುಹೋದರೆ ಯಾರನ್ನು ಕೇಳಬೇಕು? ವಕೀಲರ ಜೊತೆ ಪ್ರಶ್ನೋತ್ತರ

ಗ್ರಾಹಕ ಕೇಸುಗಳನ್ನು ನಡೆಸುವ ಮಂಗಳೂರಿನ ವಕೀಲರೊಬ್ಬರು ಈ ವಾರ ಗ್ರೂಪಿನ ಸದಸ್ಯರ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದಾರೆ. ವಿಷಯ: ಕಳೆದುಹೋದ, ಕಳವಾದ ಪಾರ್ಸೆಲ್.

ಪ್ರಶ್ನೆ, ಬ್ರಹ್ಮಾವರದಿಂದ:
ನಮಸ್ಕಾರ ಮೇಡಂ. ನಾನು ಮನೆಯಿಂದಲೇ ಉಡುಪಿ ಸೀರೆ ಮಾರುತ್ತೇನೆ, ಅದೇ ನನ್ನ ಸಂಪಾದನೆ. ವಾಟ್ಸಾಪ್‌ನಲ್ಲಿ ಫೋಟೋ ಹಾಕುತ್ತೇನೆ, ಬೇಕಾದವರು ಹಣ ಕಳಿಸುತ್ತಾರೆ, ನಾನು ಕೊರಿಯರ್ ಮಾಡುತ್ತೇನೆ. ಪುಣೆಯ ಒಬ್ಬರಿಗೆ ಎರಡು ಸೀರೆ ಕಳಿಸಿದ್ದೆ. ಬೆಲೆ 5,600 ರೂಪಾಯಿ, ಕೊರಿಯರ್ ಚಾರ್ಜ್ 140. ಟ್ರ್ಯಾಕಿಂಗ್‌ನಲ್ಲಿ ಹುಬ್ಬಳ್ಳಿವರೆಗೆ ತೋರಿಸಿತು, ಮತ್ತೆ ಸುದ್ದಿಯೇ ಇಲ್ಲ. ತಿಂಗಳಾಯಿತು. ಬ್ರಾಂಚಿನಲ್ಲಿ ಕೇಳಿದರೆ "ಹುಡುಕ್ತಾ ಇದ್ದೇವೆ" ಅಂತಾರೆ. ಆ ಕಡೆ ಗಿರಾಕಿ ಹಣ ವಾಪಸ್ ಕೇಳುತ್ತಿದ್ದಾರೆ. ಕೊರಿಯರ್‌ಗೆ ಕೊಟ್ಟ ಮೇಲೆ ನನ್ನ ಕೆಲಸ ಮುಗಿಯಿತು ಅಲ್ವಾ? ಅವರೇ ಕೊರಿಯರ್‌ನವರನ್ನು ಕೇಳಬಾರದಾ?

ಉತ್ತರ:
ನಿಮ್ಮ ಕೆಲಸ ಮುಗಿದಿಲ್ಲ. ಗಿರಾಕಿ ಹಣ ಕೊಟ್ಟಿದ್ದು ನಿಮಗೆ. ಕೊರಿಯರ್‌ಗೆ ಹಣ ಕೊಟ್ಟಿದ್ದು ನೀವು. ಹಾಗಾಗಿ ಅವರು ನಿಮ್ಮನ್ನು ಕೇಳುತ್ತಾರೆ, ನೀವು ಕೊರಿಯರ್‌ನವರನ್ನು ಕೇಳಬೇಕು. ಪಾರ್ಸೆಲ್ ಕೇಸು ಬಂದಾಗ ನಾನು ಮೊದಲು ನೋಡುವುದೇ ಇದನ್ನು: ಯಾರು ಯಾರಿಗೆ ದುಡ್ಡು ಕೊಟ್ಟರು?

ನಿಮ್ಮ ಮಾತಿಗೂ ಒಂದು ಆಧಾರ ಉಂಟು. 1930ರ ಸರಕು ಮಾರಾಟ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ, ಮಾರುವವರು ಸಾಗಣೆದಾರನ ಕೈಗೆ ಸರಕು ಕೊಟ್ಟರೆ ಮೇಲ್ನೋಟಕ್ಕೆ ಅದು ಕೊಳ್ಳುವವರಿಗೆ ಕೊಟ್ಟ ಹಾಗೆಯೇ. ಆದರೆ ಬೇರೆ ಒಪ್ಪಂದ ಇದ್ದರೆ ಆ ಒಪ್ಪಂದವೇ ನಡೆಯುತ್ತದೆ. "ಮನೆಗೆ ತಲುಪಿಸುತ್ತೇನೆ" ಅಂತ ಹೇಳಿ, ಅದಕ್ಕೆ ಚಾರ್ಜ್ ತೆಗೆದುಕೊಂಡು, ಯಾವ ಕೊರಿಯರ್ ಅಂತ ನೀವೇ ಆರಿಸಿದ ಮೇಲೆ ಈ ಸೆಕ್ಷನ್ ಹಿಡಿದುಕೊಂಡು ಗೆಲ್ಲುವುದು ಕಷ್ಟ.

2020ರ ಇ-ಕಾಮರ್ಸ್ ನಿಯಮಗಳನ್ನೂ ನೋಡಬೇಕು. ಯಾರೋ ಒಬ್ಬರು ಎಂದಾದರೊಮ್ಮೆ ಹಳೆಯ ಸೈಕಲ್ ಮಾರಿದರೆ ಅವು ಅನ್ವಯ ಆಗುವುದಿಲ್ಲ. ಆದರೆ ನಿಮ್ಮ ಹಾಗೆ ದಿನವೂ ಆನ್‌ಲೈನಿನಲ್ಲಿ ವ್ಯಾಪಾರ ಮಾಡುವವರು ಮನೆಯಿಂದ ಮಾರಿದರೂ ಹೊರಗೆ ಉಳಿಯುವುದಿಲ್ಲ. ಹೇಳಿದ ಸಮಯಕ್ಕಿಂತ ತಡವಾಗಿ ತಲುಪಿದರೇ ಹಣ ವಾಪಸ್ ಕೊಡಬೇಕಾಗುತ್ತದೆ ಎನ್ನುತ್ತವೆ ಆ ನಿಯಮಗಳು. ತಲುಪಲೇ ಇಲ್ಲ ಎಂದಾದರೆ ಕೇಳುವುದೇ ಬೇಡ. ಗಿರಾಕಿಗೆ ಹಣ ವಾಪಸ್ ಮಾಡಿ, ಇಲ್ಲ ಅವರು ಒಪ್ಪಿದರೆ ಬೇರೆ ಸೀರೆ ಕಳಿಸಿ. ಕೊರಿಯರ್ ಜಗಳ ಮುಗಿಯುವವರೆಗೆ ಅವರನ್ನು ಕಾಯಿಸಬೇಡಿ. ಆ ಜಗಳದಲ್ಲಿ ಅವರ ಪಾತ್ರವೇ ಇಲ್ಲ.

ಮತ್ತೆ ಬ್ರಹ್ಮಾವರದಿಂದ:
ಸರಿ ಮೇಡಂ, ಗಿರಾಕಿಗೆ ಕೊಡುತ್ತೇನೆ. ಆದರೆ ಕೊರಿಯರ್‌ನವರು ರಸೀದಿಯ ಹಿಂದೆ ತೋರಿಸಿ "ನಮ್ಮ ಜವಾಬ್ದಾರಿ 100 ರೂಪಾಯಿ ಮಾತ್ರ" ಅಂತಾರೆ. ರಸೀದಿಯಲ್ಲಿ ಸೀರೆಯ ಬೆಲೆ ಬರೆದಿಲ್ಲ. ನನಗೆ ಎಷ್ಟು ಸಿಗುತ್ತದೆ?

ಉತ್ತರ:
ಇದು ದೊಡ್ಡ ಪ್ರಶ್ನೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

2007ರ ರಸ್ತೆ ಸಾಗಣೆ ಕಾಯ್ದೆ 2011ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಲಾರಿ ಟ್ರಾನ್ಸ್‌ಪೋರ್ಟ್‌ನವರಷ್ಟೇ ಅಲ್ಲ, ಕೊರಿಯರ್ ಕಂಪನಿಗಳೂ ಅದರ ಒಳಗೆ ಬರುತ್ತವೆ. ನಮಗೆ ಅನುಕೂಲವಾದ ಮಾತು ಅದರಲ್ಲಿ ಉಂಟು: ಸರಕು ಕಳೆದರೆ, ಅದು ಅವರ ನಿರ್ಲಕ್ಷ್ಯದಿಂದಲೇ ಕಳೆಯಿತು ಅಂತ ನೀವು ಸಾಬೀತು ಮಾಡಬೇಕಾಗಿಲ್ಲ. ಹುಬ್ಬಳ್ಳಿಯ ಗೋಡೌನಿನಲ್ಲಿ ಏನಾಯಿತು ಅಂತ ಬ್ರಹ್ಮಾವರದಲ್ಲಿ ಕೂತ ನಿಮಗೆ ಹೇಗೆ ಗೊತ್ತಾಗಬೇಕು? ಕೊಟ್ಟಿದ್ದೀರಿ, ತಲುಪಲಿಲ್ಲ. ಇಷ್ಟು ತೋರಿಸಿದರೆ ಸಾಕು.

ಅನುಕೂಲ ಇಲ್ಲದ ಮಾತೂ ಉಂಟು. ಬುಕ್ ಮಾಡುವಾಗ ವಸ್ತುವಿನ ಬೆಲೆ ಘೋಷಿಸದಿದ್ದರೆ, ಅದಕ್ಕೆ ಕೇಳಿದ ಹೆಚ್ಚಿನ ದರ ಕೊಡದಿದ್ದರೆ, ಈ ಕಾಯ್ದೆಯ ನಿಯಮದ ಪ್ರಕಾರ ಪರಿಹಾರದ ಮಿತಿ ಸಾಗಣೆ ಬಾಡಿಗೆಯ ಹತ್ತು ಪಟ್ಟು. ನಿಮ್ಮ ಲೆಕ್ಕದಲ್ಲಿ 1,400 ರೂಪಾಯಿ. ಸೀರೆಯ ಬೆಲೆಯ ಕಾಲು ಭಾಗ. ಇದು ನನಗೆ ಸರಿ ಕಾಣುವುದಿಲ್ಲ. ಬೆಲೆ ಘೋಷಿಸಬಹುದು ಅಂತ ಕೌಂಟರಿನಲ್ಲಿ ಕೂತವರು ಒಂದು ಮಾತು ಹೇಳುವುದೂ ಅಪರೂಪ.

ರಸೀದಿಯ ಹಿಂದಿನ 100 ರೂಪಾಯಿ ಷರತ್ತಿಗೆ ಬರೋಣ. ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಡಿಎಚ್‌ಎಲ್ ಕೊರಿಯರ್ ನಡುವಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟಿತು. ಜರ್ಮನಿಗೆ ಕಳಿಸಿದ ದಾಖಲೆಗಳು ತಲುಪಲಿಲ್ಲ, ಕಳಿಸಿದ ಕಂಪನಿಗೆ ದೊಡ್ಡ ನಷ್ಟವಾಯಿತು. ಆದರೂ ಸಿಕ್ಕಿದ್ದು 100 ಡಾಲರ್ ಮಾತ್ರ. ಕಾರಣ, ಆ ಮಿತಿ ಬರೆದಿದ್ದ ಕಾಗದಕ್ಕೆ ಕಳಿಸಿದವರ ಸಹಿ ಇತ್ತು. ಸಹಿ ಹಾಕಿದ ಷರತ್ತಿಗೆ ಕಟ್ಟುಬೀಳಬೇಕು ಎಂದಿತು ಕೋರ್ಟ್. ಇದರ ಇನ್ನೊಂದು ಮಗ್ಗುಲೂ ಇದೆ. ನಿಮ್ಮ ಸಹಿ ಇಲ್ಲದ, ಯಾರೂ ತಿಳಿಸಿ ಹೇಳದ, ಇರುವೆ ಸಾಲಿನಂಥ ಅಕ್ಷರದ ಷರತ್ತನ್ನು ಗ್ರಾಹಕ ಆಯೋಗಗಳು ಎಷ್ಟೋ ಸಲ ಒಪ್ಪಿಲ್ಲ. ಹಾಗಾಗಿ ಈಗಲೇ ರಸೀದಿ ತೆಗೆದು ನೋಡಿ. ನಿಮ್ಮ ಸಹಿ ಉಂಟಾ, ಇಲ್ವಾ?

ಸಹಿ ಇಲ್ಲದಿದ್ದರೆ ಪೂರ್ತಿ 5,600 ಕೇಳಿ. ಗಿರಾಕಿ ಹಣ ಕಳಿಸಿದ ಯುಪಿಐ ದಾಖಲೆ, ನೇಕಾರರ ಸಂಘದಿಂದ ಸೀರೆ ತಂದ ಬಿಲ್ಲು, ವಾಟ್ಸಾಪ್ ಮಾತುಕತೆ, ಎಲ್ಲವೂ ಬೆಲೆಗೆ ಸಾಕ್ಷಿಯೇ. ಕಂಪನಿಯವರು ಹತ್ತು ಪಟ್ಟಿನ ಮಿತಿಯನ್ನು ಎತ್ತಿಯೇ ಎತ್ತುತ್ತಾರೆ, ಅದಕ್ಕೂ ತಯಾರಿರಿ. "ನೀವು ವ್ಯಾಪಾರಿ, ಗ್ರಾಹಕ ಅಲ್ಲ" ಅಂತಲೂ ಹೇಳಬಹುದು. ಹೆದರಬೇಡಿ. ಹೊಟ್ಟೆಪಾಡಿಗಾಗಿ ಸ್ವಂತ ದುಡಿಮೆ ಮಾಡುವವರು, ಅದಕ್ಕಾಗಿಯೇ ಕೊಂಡ ಸರಕಿನ ಮಟ್ಟಿಗೆ ಗ್ರಾಹಕರೇ ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಬರೆದಿದೆ, ಕೊರಿಯರ್‌ನಂಥ ಸೇವೆಗೂ ಅದೇ ಅನ್ವಯ ಆಗಬೇಕು ಅಂತ ನೀವು ವಾದಿಸಬಹುದು.

ಪ್ರಶ್ನೆ, ಮಂಗಳೂರು ಬಿಜೈಯಿಂದ:
ಮೇಡಂ, ನಾವು ಫ್ಲ್ಯಾಟಿನಲ್ಲಿ ಇರುವುದು. ಆನ್‌ಲೈನಿನಲ್ಲಿ ಇಯರ್‌ಫೋನ್ ತರಿಸಿದ್ದೆ. ನಾವಿಬ್ಬರೂ ಆಫೀಸಿನಲ್ಲಿದ್ದಾಗ "ಡೆಲಿವರ್ಡ್" ಅಂತ ಮೆಸೇಜ್ ಬಂತು. ಸಂಜೆ ಬಂದು ನೋಡಿದರೆ ಬಾಗಿಲ ಬಳಿ ಎಂತದೂ ಇಲ್ಲ. ವಾಚ್‌ಮನ್ ಕೂಡ ತನಗೆ ಯಾರೂ ಕೊಟ್ಟಿಲ್ಲ ಅಂತಾರೆ. ಕಂಪನಿಯವರದ್ದು ಒಂದೇ ಹಾಡು, ನಮ್ಮ ಸಿಸ್ಟಮ್‌ನಲ್ಲಿ ಡೆಲಿವರ್ಡ್ ತೋರಿಸುತ್ತಿದೆ ಅಂತ.

ಉತ್ತರ:
ಸಿಸ್ಟಮ್ ತೋರಿಸಿದರೆ ಡೆಲಿವರಿ ಆದ ಹಾಗಲ್ಲ. ನಿಮ್ಮ ಕೈಗೆ, ಅಥವಾ ನೀವು ಹೇಳಿದವರ ಕೈಗೆ ಬಂದರೆ ಮಾತ್ರ ಡೆಲಿವರಿ. ಯಾರಿಗೆ ಕೊಟ್ಟರು, ಸಹಿ ಎಲ್ಲಿ, ಫೋಟೋ ಎಲ್ಲಿ, ಒಟಿಪಿ ತೆಗೆದುಕೊಂಡರಾ? ಇದನ್ನು ತೋರಿಸಬೇಕಾದವರು ಅವರು.

ಒಂದು ಮುಖ್ಯ ವಿಷಯ. "ಬಾಗಿಲಲ್ಲಿ ಇಟ್ಟು ಹೋಗಿ" ಅಥವಾ "ವಾಚ್‌ಮನ್ ಹತ್ರ ಕೊಡಿ" ಅಂತ ಫೋನಿನಲ್ಲಿ ಹೇಳಿದ್ದೀರಾ? ಹೇಳಿದ್ದರೆ, ಅವರು ಹಾಗೆಯೇ ಇಟ್ಟು ಹೋದ ಮೇಲೆ ಕಳವಾದರೆ ನಷ್ಟ ಹೆಚ್ಚಾಗಿ ನಿಮ್ಮ ಮೇಲೆಯೇ ಬರುತ್ತದೆ. ಒಟಿಪಿಯನ್ನು ಫೋನಿನಲ್ಲೇ ಹೇಳಿದರೂ ಅಷ್ಟೇ, ಆಮೇಲೆ ವಾದ ಮಾಡುವುದು ತುಂಬಾ ಕಷ್ಟ. ಏನೂ ಹೇಳಿಲ್ಲ, ಅವರೇ ಇಟ್ಟು ಹೋದರು ಎಂದಾದರೆ ಜವಾಬ್ದಾರಿ ಮಾರಿದವರದ್ದು.

ಈಗ ಮಾಡಬೇಕಾದ್ದು. ಮೊದಲು ಅಸೋಸಿಯೇಷನ್ ಸೆಕ್ರೆಟರಿ ಹತ್ತಿರ ಸಿಸಿಟಿವಿ ದೃಶ್ಯ ಕೇಳಿ, ಇವತ್ತೇ. ಕೆಲವು ದಿನ ಕಳೆದರೆ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿ ಅದು ಅಳಿಸಿಹೋಗುತ್ತದೆ. ಆಮೇಲೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರಹದಲ್ಲಿ ದೂರು ಕಳಿಸಿ, ಚಾಟ್‌ನಲ್ಲಿ ಮಾತಾಡಿ ಸುಮ್ನೆ ಬಿಡಬೇಡಿ. ದೂರು ಸಿಕ್ಕಿತು ಅಂತ 48 ಗಂಟೆಯೊಳಗೆ ಅವರು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಇದು ನಿಯಮ. ಆಗಲಿಲ್ಲವಾದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕೋರ್ಟಿಗೆ ಹೋಗುವ ಮೊದಲೇ ಅಲ್ಲಿ ಬಗೆಹರಿಯುವ ದೂರುಗಳು ಜಾಸ್ತಿ.

ಸಿಸಿಟಿವಿಯಲ್ಲಿ ಯಾರಾದರೂ ಎತ್ತಿಕೊಂಡು ಹೋದದ್ದು ಕಂಡರೆ ಠಾಣೆಗೆ ದೂರು ಕೊಡಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ದೂರನ್ನು ಅಂಚೆಯಲ್ಲಿ ಮೇಲಧಿಕಾರಿಗೆ ಕಳಿಸಬಹುದು, ಮಂಗಳೂರು ನಗರದಲ್ಲಿ ಪೊಲೀಸ್ ಕಮಿಷನರಿಗೆ, ಉಡುಪಿಯಲ್ಲಿ ಎಸ್‌ಪಿಗೆ. ಹಾಗಂತ ಎಫ್‌ಐಆರ್ ಆಗದೆ ಹಣ ಕೊಡುವುದಿಲ್ಲ ಅಂತ ಕಂಪನಿ ಹೇಳಿದರೆ ಒಪ್ಪಬೇಡಿ. ಕಳ್ಳನನ್ನು ಹಿಡಿಯುವುದು ಬೇರೆ, ನಿಮ್ಮ ದುಡ್ಡು ವಾಪಸ್ ಬರುವುದು ಬೇರೆ.

ಪ್ರಶ್ನೆ, ಕುಂದಾಪುರದಿಂದ:
ನಮ್ಮದು ಬಸ್ಸಿನ ವಿಷಯ. ಮಂಗಳೂರಿನಲ್ಲಿ ರಿಪೇರಿಗೆ ಕೊಟ್ಟ ಮೊಬೈಲನ್ನು ಅಣ್ಣ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಕುಂದಾಪುರ ಬಸ್ಸಿಗೆ ಕೊಟ್ಟರು. ಕಂಡಕ್ಟರ್ 50 ರೂಪಾಯಿ ತೆಗೆದುಕೊಂಡರು, ರಸೀದಿ ಇಲ್ಲ. ನಾನು ಶಾಸ್ತ್ರಿ ಸರ್ಕಲ್‌ಗೆ ಬರುವಾಗ ಬೇರೆ ಯಾರೋ ಹೆಸರು ಹೇಳಿ ತೆಗೆದುಕೊಂಡು ಹೋಗಿದ್ದರು. ರಸೀದಿ ಇಲ್ಲದ ಮೇಲೆ ಕೇಳುವ ಹಕ್ಕಿಲ್ಲ ಅಲ್ವಾ?

ಉತ್ತರ:
ಹಕ್ಕು ಖಂಡಿತ ಉಂಟು. ನಮ್ಮ ಕರಾವಳಿಯಲ್ಲಿ ಮಲ್ಲಿಗೆಯಿಂದ ಮದ್ದಿನವರೆಗೆ ಎಲ್ಲವೂ ಬಸ್ಸಿನಲ್ಲೇ ಹೋಗುತ್ತದೆ. ಎಷ್ಟೋ ಮನೆಗಳು ಈ ನಂಬಿಕೆಯ ಮೇಲೆ ನಡೆಯುತ್ತಿವೆ. ಆ ನಂಬಿಕೆಗೆ ಕಾನೂನೂ ಜೊತೆಗಿದೆ. ಬೇರೆಯವರ ವಸ್ತುವನ್ನು ವಹಿಸಿಕೊಂಡವರು, ತಮ್ಮದೇ ವಸ್ತುವನ್ನು ಬುದ್ಧಿವಂತರು ನೋಡಿಕೊಳ್ಳುವಷ್ಟು ಜೋಪಾನ ಮಾಡಬೇಕು ಅಂತ 1872ರ ಕರಾರು ಕಾಯ್ದೆಯ 151ನೇ ಸೆಕ್ಷನ್ ಹೇಳುತ್ತದೆ. ಗುರುತು ನೋಡದೆ, ಫೋನ್ ನಂಬರ್ ಕೇಳದೆ ಯಾರದೋ ಕೈಗೆ ಕೊಟ್ಟರೆ ಅದು ಜೋಪಾನ ಅಲ್ಲ.

ರಸೀದಿ ಇಲ್ಲದಿದ್ದರೆ ಹಕ್ಕು ಹೋಗುವುದಿಲ್ಲ, ಸಾಕ್ಷಿ ಕಮ್ಮಿ ಆಗುತ್ತದೆ. 50 ರೂಪಾಯಿ ಗೂಗಲ್ ಪೇ ಮಾಡಿದ್ದರೆ ಅದು ಸಾಕ್ಷಿ. ಅಣ್ಣ ಕಂಡಕ್ಟರಿಗೆ ಫೋನ್ ಮಾಡಿದ್ದು, ಬಸ್ಸಿನ ಹೆಸರು, ನಂಬರ್, ಹೊರಟ ಸಮಯ, ಎಲ್ಲ ಬರೆದಿಡಿ. ಕಂಡಕ್ಟರ್ ಜೊತೆ ಜಗಳ ಮಾಡಿ ಪ್ರಯೋಜನ ಇಲ್ಲ, ಬಸ್ಸಿನ ಮಾಲೀಕರಿಗೆ ಬರಹದಲ್ಲಿ ಕೊಡಿ. "ಅದು ಕಂಡಕ್ಟರ್ ಸ್ವಂತ ವ್ಯವಹಾರ, ನಮಗೆ ಗೊತ್ತಿಲ್ಲ" ಅಂತ ಮಾಲೀಕರು ಹೇಳುವ ಸಾಧ್ಯತೆ ಉಂಟು. ಆ ಬಸ್ಸಿನಲ್ಲಿ ದಿನವೂ ಪಾರ್ಸೆಲ್ ಹೋಗುತ್ತದೆ ಅಂತ ಹೇಳುವ ಒಂದಿಬ್ಬರು ಸಿಕ್ಕರೆ ಆ ಮಾತು ನಿಲ್ಲುವುದಿಲ್ಲ. ಮೊಬೈಲಿನ ಐಎಂಇಐ ನಂಬರ್ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಹಾಕಿ ಪೊಲೀಸ್ ದೂರನ್ನೂ ಕೊಡಿ, ಫೋನ್ ಬ್ಲಾಕ್ ಮಾಡಿಸಬಹುದು.

ಬೆಲೆಬಾಳುವುದನ್ನು ಕಳಿಸುವಾಗ ರಸೀದಿ ಕೊಡುವಲ್ಲೇ ಕೊಡಿ. ಕೆಎಸ್‌ಆರ್‌ಟಿಸಿಯ "ನಮ್ಮ ಕಾರ್ಗೋ" ಪಾರ್ಸೆಲ್ ಸೇವೆ 2021ರಿಂದ ಇದೆ. ಖಾಸಗಿ ಬಸ್ಸುಗಳಲ್ಲೂ ಬುಕಿಂಗ್ ಆಫೀಸು ಇದ್ದರೆ ಅಲ್ಲಿಯೇ ಬುಕ್ ಮಾಡಿ. ಚಿನ್ನ, ನಗದು ಮಾತ್ರ ಯಾವುದರಲ್ಲೂ ಕಳಿಸಬೇಡಿ ಮಾರಾಯ್ರೆ. ಹೆಚ್ಚಿನ ಕೊರಿಯರ್‌ಗಳ ಷರತ್ತಿನಲ್ಲಿ ಅವು ನಿಷಿದ್ಧ. ಹೇಳದೆ ಕಳಿಸಿ ಕಳೆದುಕೊಂಡವರ ಪರವಾಗಿ ವಾದ ಮಾಡಲು ನಮಗೆ ಏನೂ ಉಳಿಯುವುದಿಲ್ಲ.

ಪ್ರಶ್ನೆ, ಕಾರ್ಕಳದಿಂದ:
ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ್ದು ಕಳೆದರೂ ಇದೇ ಕಾನೂನಾ?

ಉತ್ತರ:
ಅಲ್ಲ. ರಸ್ತೆ ಸಾಗಣೆ ಕಾಯ್ದೆ ಸರ್ಕಾರಕ್ಕೆ ಅನ್ವಯಿಸುವುದಿಲ್ಲ. ಅಂಚೆಗೆ ತನ್ನದೇ ಕಾನೂನು ಉಂಟು, 2023ರ ಅಂಚೆ ಕಛೇರಿ ಕಾಯ್ದೆ. 2024ರ ಜೂನ್‌ನಲ್ಲಿ ಜಾರಿಗೆ ಬಂತು. ನಿಯಮದಲ್ಲಿ ಎಷ್ಟು ಹೇಳಿದೆಯೋ ಅಷ್ಟಕ್ಕೆ ಮಾತ್ರ ಅಂಚೆ ಇಲಾಖೆ ಹೊಣೆ. ಆದ್ದರಿಂದ ಬೆಲೆಯ ವಸ್ತು ಆದರೆ ಕಳಿಸುವಾಗಲೇ ವಿಮೆ ಮಾಡಿಸಿ. ಅಂಕಪಟ್ಟಿಯಂಥ ಕಾಗದ ಆದರೆ ಮೂಲ ಪ್ರತಿ ಕಳಿಸಲೇಬೇಕಾ ಅಂತ ಮೊದಲು ಕೇಳಿ ನೋಡಿ.

ಬ್ರಹ್ಮಾವರದಿಂದ ಮತ್ತೊಮ್ಮೆ:
ಮೇಡಂ, ರಸೀದಿ ನೋಡಿದೆ. ನನ್ನ ಸಹಿ ಇಲ್ಲ. ಇನ್ನು ಏನು ಬರೆಯಬೇಕು, ಎಲ್ಲಿಗೆ ಕೊಡಬೇಕು?

ಉತ್ತರ:
ಒಳ್ಳೆಯದಾಯಿತು. ಮೊದಲು ಕಂಪನಿಗೆ ನೋಟಿಸ್ ಕೊಡಿ. ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಬರಹದಲ್ಲಿ ನೋಟಿಸ್ ಕೊಡದಿದ್ದರೆ ಮುಂದೆ ಕೇಸು ಹಾಕಲು ತೊಡಕಾಗುತ್ತದೆ. "ಹುಡುಕ್ತಾ ಇದ್ದೇವೆ" ಎನ್ನುವ ಮಾತು ಕೇಳುತ್ತಾ ಕೂತವರಿಗೆ ಈ ಆರು ತಿಂಗಳು ಜಾರಿಹೋಗುತ್ತದೆ. ಅದನ್ನು ನೋಡುವಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ. ವಕೀಲರೇ ಬರೆಯಬೇಕೆಂದಿಲ್ಲ. ಕನ್ನಡದಲ್ಲೇ ಹೀಗೆ ಬರೆಯಿರಿ:

"ಇಂಥ ದಿನ, ನಿಮ್ಮ ಇಂಥ ಬ್ರಾಂಚಿನಲ್ಲಿ, ಇಂಥ ನಂಬರಿನ ರಸೀದಿಯಲ್ಲಿ, ಪುಣೆಯ ವಿಳಾಸಕ್ಕೆ ಎರಡು ಉಡುಪಿ ಸೀರೆಗಳನ್ನು ಬುಕ್ ಮಾಡಿದ್ದೇನೆ. ಬೆಲೆ 5,600 ರೂ., ಸಾಗಣೆ ಶುಲ್ಕ 140 ರೂ. ಪಾರ್ಸೆಲ್ ಇಂದಿನವರೆಗೆ ತಲುಪಿಲ್ಲ. ಹೊಣೆಯನ್ನು ಮಿತಿಗೊಳಿಸುವ ಯಾವ ಷರತ್ತಿಗೂ ನಾನು ಸಹಿ ಮಾಡಿಲ್ಲ. ಈ ನೋಟಿಸ್ ತಲುಪಿದ 15 ದಿನದೊಳಗೆ 5,740 ರೂ. ಪಾವತಿಸಬೇಕು. ತಪ್ಪಿದರೆ ಉಡುಪಿ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸುತ್ತೇನೆ."

ಇದನ್ನು ಬ್ರಾಂಚಿಗೂ ಮುಖ್ಯ ಕಛೇರಿಗೂ ಸ್ಪೀಡ್ ಪೋಸ್ಟ್ ಮಾಡಿ, ಇಮೇಲಿನಲ್ಲೂ ಕಳಿಸಿ. 15 ದಿನದಲ್ಲಿ ಹಣ ಬರದಿದ್ದರೆ ದೂರು ಹಾಕಲು ಪುಣೆಗೆ, ಹುಬ್ಬಳ್ಳಿಗೆ ಹೋಗುವುದು ಬೇಡ. ನೀವು ಇರುವ ಜಿಲ್ಲೆಯಲ್ಲೇ ಹಾಕಬಹುದು, ಗ್ರಾಹಕ ದೂರುಗಳಿಗಾಗಿಯೇ ಇರುವ ಸರ್ಕಾರಿ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೂ ಆಗುತ್ತದೆ. ನಿಮ್ಮಷ್ಟು ಸಣ್ಣ ಮೊತ್ತಕ್ಕೆ ಶುಲ್ಕ ಇಲ್ಲ. ದೂರು ಹಾಕಲು ಎರಡು ವರ್ಷ ಸಮಯ ಉಂಟು, ಆದರೆ ನೋಟಿಸನ್ನು ಮಾತ್ರ ಈ ವಾರವೇ ಕಳಿಸಿ. ಕಂಪನಿಯಿಂದ ಉತ್ತರ ಬಂದರೆ ಇಲ್ಲಿ ಹಾಕಿ, ಮುಂದಿನದ್ದು ನೋಡಿ ಹೇಳುತ್ತೇನೆ.