ಒಪಿಜಿಯಲ್ಲಿ (ಇಡೀ ದವಡೆಯ ಎಕ್ಸ್‌ರೇ) ಹಲ್ಲಿನ ಬೇರುಗಳ ಕೆಳಗೆ ಕಪ್ಪು ಜಾಗ: ರೂಟ್ ಕೆನಾಲ್ ಬೇಕಾ?

ಪ್ರಶ್ನೆ (ಬಿಡಿಎಸ್ ಇಂಟರ್ನ್)
ನಮಸ್ಕಾರ. 16 ವರ್ಷದ ಹುಡುಗ, ಹಲ್ಲಿಗೆ ಕ್ಲಿಪ್ ಹಾಕಿಸಲು ಬಂದಿದ್ದಾನೆ. ಒಪಿಜಿಯಲ್ಲಿ ಕೆಳದವಡೆಯ ಎಡಕ್ಕೆ, ಪ್ರೀಮೋಲಾರ್ ಮತ್ತು ಮೊದಲ ಮೋಲಾರ್ (ದವಡೆ ಹಲ್ಲು) ಬೇರುಗಳ ಕೆಳಗೆ ದೊಡ್ಡ ಕಪ್ಪು ಜಾಗ ಇದೆ. ನೋವಿಲ್ಲ, ಊತವಿಲ್ಲ, ಹುಳುಕೂ ಇಲ್ಲ. ರೇಡಿಕ್ಯುಲಾರ್ ಸಿಸ್ಟ್ (ಬೇರಿನ ತುದಿಯಲ್ಲಿ ಆಗುವ ಚೀಲದಂಥ ಗಂಟು) ಅಂತ ರೂಟ್ ಕೆನಾಲ್ ಶುರು ಮಾಡಬಹುದಾ?

ಉತ್ತರ (ಓರಲ್ ರೇಡಿಯಾಲಜಿ)
ದಯವಿಟ್ಟು ಈಗಲೇ ಹಲ್ಲು ಕೊರೆಯಬೇಡಿ. ರೇಡಿಕ್ಯುಲಾರ್ ಸಿಸ್ಟ್ ಹುಟ್ಟುವುದು ಪಲ್ಪ್ (ಹಲ್ಲಿನೊಳಗಿನ ನರ, ರಕ್ತನಾಳದ ಭಾಗ) ಸತ್ತ ಹಲ್ಲಿನಿಂದ. ಹುಳುಕಿಲ್ಲದ ಹಲ್ಲು ಸುಮ್ನೆ ಸಾಯುವುದಿಲ್ಲ ಅಲ್ವಾ? ಹಿಂದೆ ಪೆಟ್ಟು ಬಿದ್ದಿತ್ತಾ ಕೇಳಿ. ಪಲ್ಪ್ ಜೀವಂತ ಇದೆಯಾ ನೋಡಲು ಕೋಲ್ಡ್ ಟೆಸ್ಟ್, ಎಲೆಕ್ಟ್ರಿಕ್ ಪಲ್ಪ್ ಟೆಸ್ಟ್ ಎರಡೂ ಮಾಡಿ, ಬಲಗಡೆಯ ಅದೇ ಹಲ್ಲುಗಳ ಜೊತೆ ಹೋಲಿಸಿ. ಒಪಿಜಿಯಲ್ಲಿ ಸಣ್ಣ ವಿವರ ಮಸುಕಾಗುತ್ತದೆ, ಒಂದು ಐಓಪಿಎ (ಬಾಯೊಳಗೆ ಫಿಲ್ಮ್ ಇಟ್ಟು ತೆಗೆಯುವ ಸಣ್ಣ ಎಕ್ಸ್‌ರೇ) ತೆಗೆಯಿರಿ. ಬೇರಿನ ಸುತ್ತ ಲ್ಯಾಮಿನಾ ಡ್ಯೂರಾದ (ಬೇರು ಕೂತ ಗುಳಿಯ ಗಟ್ಟಿ ಮೂಳೆ ಪದರ) ಬಿಳಿ ಗೆರೆ ಉಳಿದಿದೆಯಾ, ಕಪ್ಪು ಜಾಗದ ಮೇಲಂಚು ಎಲ್ಲಿ ನಿಲ್ಲುತ್ತದೆ ಹೇಳಿ.

ಪ್ರಶ್ನೆ ಕೇಳಿದವರು
ಪೆಟ್ಟು ಬಿದ್ದ ನೆನಪಿಲ್ಲ ಅಂತಾನೆ. ಎಲ್ಲ ಹಲ್ಲೂ ಸರಿಯಾಗಿ ಸ್ಪಂದಿಸಿದವು. ಗೆರೆ ಬಹುಪಾಲು ಹಾಗೇ ಇದೆ. ಮೇಲಂಚು ಬೇರುಗಳ ನಡುವೆ ಅಲೆ ಅಲೆಯಾಗಿ ಏರಿದೆ. ಬೇರು ಕರಗಿಲ್ಲ.

ಉತ್ತರ
ಹಾಗಾದರೆ ಸಿಂಪಲ್ ಬೋನ್ ಸಿಸ್ಟ್ (ಮೂಳೆಯೊಳಗಿನ ಪೊಳ್ಳು ಜಾಗ) ಸಾಧ್ಯತೆಯೇ ಜಾಸ್ತಿ. ಹದಿಹರೆಯ, ಕೆಳದವಡೆ, ಜೀವಂತ ಹಲ್ಲು, ಬೇರುಗಳ ನಡುವೆ ಏರುವ ಅಂಚು, ಎಲ್ಲವೂ ಅದಕ್ಕೇ ಹೊಂದುತ್ತವೆ. ಪೆಟ್ಟಿನ ನೆನಪಿಲ್ಲದಿದ್ದರೂ ಇದು ಇರಬಹುದು. ಆದರೆ ಚಿತ್ರ ನೋಡಿ ಮಾತ್ರ ತೀರ್ಮಾನಿಸಬೇಡಿ. ಓಡಾಂಟೋಜೆನಿಕ್ ಕೆರಾಟೋಸಿಸ್ಟ್ (ಹಲ್ಲು ರೂಪಿಸುವ ಅಂಗಾಂಶದಿಂದ ಹುಟ್ಟುವ ಸಿಸ್ಟ್) ಕೂಡ ದವಡೆ ಜಾಸ್ತಿ ಉಬ್ಬಿಸದೆ ಉದ್ದಕ್ಕೂ ಹರಡುತ್ತದೆ, ತೆಗೆದ ಮೇಲೂ ಮರಳಿ ಬರಬಹುದು. ಅದನ್ನು ಬಿಟ್ಟುಬಿಟ್ಟರೆ ಹುಡುಗನಿಗೆ ನಷ್ಟ. ಬೇರು ಕರಗಿದ್ದರೆ, ದವಡೆ ಚೆನ್ನಾಗಿ ಉಬ್ಬಿದ್ದರೆ ಅಮೆಲೋಬ್ಲಾಸ್ಟೋಮಾ (ದವಡೆಯ ಗೆಡ್ಡೆ) ನೆನಪಿಗೆ ಬರಬೇಕು.

ಓರಲ್ ಸರ್ಜನ್ ಹತ್ತಿರ ಕಳಿಸಿ. ತೆರೆಯುವ ಮೊದಲು ಸೂಜಿ ಹಾಕಿ ಎಳೆದು ನೋಡುತ್ತಾರೆ. ರಭಸದಿಂದ ರಕ್ತ ಬಂದರೆ ಅದು ರಕ್ತನಾಳದ ಗಂಟು ಇರಬಹುದು, ಆಗ ದಾರಿಯೇ ಬೇರೆ. ಸಿಂಪಲ್ ಬೋನ್ ಸಿಸ್ಟ್ ಆದರೆ ಒಳಗೆ ಬರೀ ಖಾಲಿ, ಇಲ್ಲವೇ ಸ್ವಲ್ಪ ದ್ರವ. ಗೋಡೆ ಕೆರೆದು ರಕ್ತ ತುಂಬಿಸಿದರೆ ಸಾಮಾನ್ಯವಾಗಿ ಮೂಳೆ ಬೆಳೆಯುತ್ತದೆ. ಕೆರೆದದ್ದನ್ನು ಬಯಾಪ್ಸಿಗೆ ಕಳಿಸಲೇಬೇಕು. ಕ್ಲಿಪ್ ಅಲ್ಲಿಯವರೆಗೆ ಕಾಯಲಿ.

ಇನ್ನೊಬ್ಬ ಸದಸ್ಯೆ
ಸರ್, 50 ವರ್ಷದ ಗಂಡಸಿನಲ್ಲಿ ದವಡೆಯ ಮೂಲೆ ಹತ್ತಿರ, ನರದ ಕಾಲುವೆಗಿಂತ ಕೆಳಗೆ ಅಂಡಾಕಾರದ ಕಪ್ಪು ಜಾಗ ಕಂಡಿದೆ. ಇದೂ ಹಾಗೇನಾ?

ಉತ್ತರ
ಬಹುಶಃ ಅದು ಸ್ಟ್ಯಾಫ್ನೆ ಡಿಫೆಕ್ಟ್, 1942ರಲ್ಲಿ ಸ್ಟ್ಯಾಫ್ನೆ ವಿವರಿಸಿದ್ದು. ನಾಲಿಗೆ ಬದಿಯ ಮೂಳೆಯಲ್ಲಿನ ಗುಳಿ, ಒಳಗೆ ಹೆಚ್ಚಾಗಿ ಜೊಲ್ಲುಗ್ರಂಥಿಯ ಭಾಗ ಇರುತ್ತದೆ. ಸಿಬಿಸಿಟಿಯಲ್ಲಿ (ದವಡೆಯ 3ಡಿ ಸ್ಕ್ಯಾನ್) ಒಳಬದಿಗೆ ತೆರೆದಿರುವುದು ಕಂಡರೆ ಆಪರೇಷನ್ ಬೇಡ.